ಮೋಟುಗಾಲಿನ ಸ್ಟೂಲು

ಮೊಮ್ಮಗಳು ಸಂಜೆ ಅಂಗಡಿಯಿಂದ ಬಂದು ಚಪ್ಪಲಿ ಕಳಚುವ ಮೊದಲೇ ಅಜ್ಜಿಯ ಪ್ರಶ್ನೆ ಹೊಸ್ತಿಲಲ್ಲಿ ಸಿದ್ಧವಾಗಿರುತ್ತಿತ್ತು. ಊಟವಾಯಿತೇ ಎಂದಲ್ಲ, ದಣಿವಾಯಿತೇ ಎಂದೂ ಅಲ್ಲ.

"ಇವತ್ತು ಎಷ್ಟು ಹೊತ್ತು ಕೂತೆ?"

"ಬೇಕಾದಷ್ಟು ಅಜ್ಜಿ."

"ಬೇಕಾದಷ್ಟು ಅಂದ್ರೆ?"

"ಸೊಂಟ ನೋಯೋಷ್ಟು."

ಈ ಉತ್ತರದಿಂದ ಅಜ್ಜಿಗೆ ಪರಮ ಸಂತೋಷವಾಗುತ್ತಿತ್ತು. ಜಗತ್ತು ಇಟ್ಟಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡವಳಂತೆ ತಲೆದಿಂಬಿಗೆ ಒರಗುತ್ತಿದ್ದಳು. ಮೊಮ್ಮಗಳು ನೇರವಾಗಿ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಇನ್ನೊಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಳಿಸುತ್ತಿದ್ದಳು. ಬೆಳಗಿನಿಂದ ಆ ಗಳಿಗೆಯವರೆಗೆ ಅವಳು ಕುಳಿತದ್ದು ಅದೇ ಮೊದಲ ಸಲ.

ಅವಳು ಸುಳ್ಳುಗಾತಿಯಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಬಣ್ಣ ಬಿಡುತ್ತದೆ ಎಂದೇ ಹೇಳಿ ಮಾರುವಷ್ಟು ಪ್ರಾಮಾಣಿಕಳು. ಆ ಕಾರಣಕ್ಕೆ ಬೈಸಿಕೊಂಡವಳು. ಆದರೆ ಅಜ್ಜಿಗೆ ಕೂರುವುದರ ವಿಷಯದಲ್ಲಿ ನಿಜ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮನೆಯಲ್ಲೇ ಹೊಲಿಗೆಯಂತ್ರವಿಟ್ಟುಕೊಂಡಿದ್ದ ಅವಳ ಅಮ್ಮ, ಹಲ್ಲುಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಒಮ್ಮೆ ಎಚ್ಚರಿಸಿದ್ದಳು: "ಅಜ್ಜಿಗೆ ಗೊತ್ತಾದ್ರೆ ಅಂಗಡಿ ಉಳಿಯಲ್ಲ, ಇಲ್ಲಾ ಅಜ್ಜಿ ಉಳಿಯಲ್ಲ. ನನಗೆ ಎರಡೂ ಬೇಕು."

ಕಾರಣವಿಷ್ಟೆ. ಆ ಬೀದಿಯ ಅತಿ ಹಳೆಯ ಬಟ್ಟೆ ಅಂಗಡಿಯಲ್ಲಿ, ಅದು ಇನ್ನೂ ಒಂದೇ ಮಹಡಿಯದಾಗಿದ್ದ ಕಾಲದಲ್ಲಿ, ಅಜ್ಜಿ ಮಾರಾಟದ ಹುಡುಗಿಯಾಗಿದ್ದಳು. ಗಿರಾಕಿಗಳಿಗೆ ಮೆತ್ತೆ ಹಾಕಿದ ಕುರ್ಚಿಗಳಿದ್ದವು. ಬಟ್ಟೆಯ ಥಾನುಗಳಿಗೆ ಕಪಾಟುಗಳಿದ್ದವು. ಯಜಮಾನನ ಬೆಕ್ಕಿಗೆ ಒಂದು ಬುಟ್ಟಿಯಿತ್ತು. ಮಾರುವ ಹೆಂಗಸರು ಮಾತ್ರ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ನಿಂತೇ ಇರಬೇಕಾಗಿತ್ತು. ಬಂದವರಿಗೆ ಮೊದಲು ಆಸನ, ಆಮೇಲೆ ನೀರು, ಆಮೇಲೆ ಮಾತು ಎಂದು ಹಿರಿಯರು ಕ್ರಮ ಹಾಕಿಕೊಟ್ಟಿದ್ದಾರೆ. ಬಂದವರ ಸಲುವಾಗಿ ನಿಂತವರಿಗೆ ಏನು ಎಂಬುದನ್ನು ಅವರು ಹೇಳದೆ ಬಿಟ್ಟರು. ಬಿಟ್ಟ ಭಾಗವನ್ನು ಅಜ್ಜಿ ಪೂರ್ತಿಮಾಡಿದಳು.

ಮೊದಲು ಎಲ್ಲರೂ ಸೇರಿ ಒಂದು ಸ್ಟೂಲು ಕೇಳಿದರು. "ನಿಂತ ಹೆಂಗಸೇ ಅಂಗಡಿಗೆ ಲಕ್ಷಣ," ಎಂದ ಹಳೆಯ ಯಜಮಾನ, ಕುಳಿತಲ್ಲಿಂದಲೇ. ಹೆಂಗಸರು ಎದುರಾಡಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ತಮ್ಮ ತಮ್ಮ ರಜೆಯ ದಿನ ಒಬ್ಬೊಬ್ಬರೇ ಒಳ್ಳೆಯ ಬಟ್ಟೆ ಉಟ್ಟು, ಕೈಚೀಲ ಹಿಡಿದು, ಮುಂಬಾಗಿಲಿನಿಂದ ಅದೇ ಅಂಗಡಿಗೆ ಬಂದರು, ಮೆತ್ತೆಯ ಕುರ್ಚಿಯಲ್ಲಿ ಆಸೀನರಾಗಿ, "ಆ ನೀಲಿ ತೋರಿಸಿ. ಅದಲ್ಲ, ಅದರ ಕೆಳಗಿಂದು," ಎಂದರು. ಸಂಜೆಯವರೆಗೆ ನೋಡಿದರು. ಏನನ್ನೂ ಕೊಳ್ಳಲಿಲ್ಲ. ಮುಂದಿನ ವಾರ ಅವರ ಅಮ್ಮಂದಿರು ಬಂದರು, ಅತ್ತಿಗೆ ನಾದಿನಿಯರು ಬಂದರು, ನೆರೆಮನೆಯವರು ಕಾಲುಚೀಲ ಹೆಣೆಯುವ ಸರಂಜಾಮಿನ ಸಮೇತ ಬಂದರು. ನಿಜವಾದ ಗಿರಾಕಿಗಳಿಗೆ ಕುರ್ಚಿಯಿಲ್ಲದಂತಾಯಿತು. ಅವರು ನಿಂತರು, ನಿಂತದ್ದರಿಂದ ಕಾಲು ನೊಂದು ಎದುರಂಗಡಿಗೆ ಹೋದರು. ನಿಂತರೆ ಕಾಲು ನೋಯುತ್ತದೆ ಎಂಬ ಸಂಗತಿ ಯಜಮಾನನಿಗೆ ಹೀಗೆ ಮನದಟ್ಟಾಯಿತು.

ಆತ ಸ್ಟೂಲು ಕೊಟ್ಟ. ಕೇಳಿದ ಹಾಗೆಯೇ ಅಷ್ಟೂ ಜನಕ್ಕೆ ಒಂದೇ ಕೊಟ್ಟ. ಅದರಲ್ಲಿಯೂ ಒಂದು ಕಾಲನ್ನು ಹೆರೆಸಿ ಗಿಡ್ಡ ಮಾಡಿಸಿ ಕೊಟ್ಟ, ಯಾರೂ ಬಹಳ ಹೊತ್ತು ನೆಮ್ಮದಿಯಾಗಿ ಕೂರದಿರಲೆಂದು. ಹೆಂಗಸರು ಬಟ್ಟೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಆ ಮೋಟುಗಾಲಿನ ಕೆಳಗಿಟ್ಟರು. ಸರದಿಯ ಪ್ರಕಾರ ಕುಳಿತರು. ಎದ್ದವಳು ಹಲಗೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಮುಂದಿನವಳನ್ನು "ಬಿಸಿ ಇದೆ, ಬಾ" ಎಂದು ಕರೆಯುವುದು ರೂಢಿಯಾಯಿತು. ಆ ಸ್ಟೂಲು ಒಂದು ದಿನವೂ ತಣ್ಣಗಾಗಲಿಲ್ಲ ಎಂಬುದು ಅಜ್ಜಿಯ ಜೀವನದ ಹೆಮ್ಮೆ. ಬೀದಿಯವರು ಅವಳಿಗಿಟ್ಟ ಹೆಸರು ಸ್ಟೂಲಜ್ಜಿ.

ಈಗ ಅಂಗಡಿಗೆ ಮೂರು ಮಹಡಿ. ಹಳೆಯ ಯಜಮಾನನ ಮೊಮ್ಮಗ ಚಿಕ್ಕ ಯಜಮಾನನಾಗಿದ್ದಾನೆ. ಅಜ್ಜಿಯ ಕಾಲದವರೆಲ್ಲ ಬಿಟ್ಟ ಮೇಲೆ ಮೂಲೆ ಸೇರಿದ್ದ ಸ್ಟೂಲು ಕಟ್ಟಡ ಎತ್ತರವಾಗುವಾಗ ಗೋದಾಮಿನಲ್ಲಿ ಸಿಕ್ಕಿತು. ಅಲಂಕಾರದ ಗುತ್ತಿಗೆದಾರ ಅದನ್ನು ಪರಂಪರೆ ಎಂದು ಗುರುತಿಸಿದ. ಅಂದಿನಿಂದ ಅದು ಮುಂಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗಿದೆ. "ಮಹಿಳೆಯರ ಗೌರವದ ಸಂಕೇತ. ದಯವಿಟ್ಟು ಮುಟ್ಟಬೇಡಿ" ಎಂದು ಹಿತ್ತಾಳೆಯ ಫಲಕ ಸಾರುತ್ತದೆ. ಅದರ ಎದುರಿಗೇ ಇರುವ ಪರದೆ ಬಟ್ಟೆಯ ವಿಭಾಗದಲ್ಲಿ, ಅಜ್ಜಿ ದುಡಿದ ಅದೇ ಮರದ ಕೌಂಟರಿನ ಹಿಂದೆ, ಮೊಮ್ಮಗಳು ಇಡೀ ದಿನ ನಿಂತು ಆ ಸಂಕೇತವನ್ನು ನೋಡುತ್ತಾಳೆ. ಕೂರಕೂಡದೆಂಬುದು ನಿಯಮ. ಅದನ್ನು ಕಾಯಲು ಮೇಲೊಂದು ಕ್ಯಾಮರಾ, ಕೆಳಗೊಬ್ಬ ಮೇಲ್ವಿಚಾರಕ. ಆತ ದಿನಕ್ಕೆ ಹತ್ತಾರು ಸಲ "ನೆಟ್ಟಗೆ, ನೆಟ್ಟಗೆ" ಎನ್ನುತ್ತಿದ್ದುದರಿಂದ ಹುಡುಗಿಯರ ಬಾಯಲ್ಲಿ ಅವನ ಹೆಸರೇ ನೆಟ್ಟಗೆ ಸಾರ್.

ಅಂಗಡಿಯ ಅಮೃತಮಹೋತ್ಸವ ಹತ್ತಿರವಾದಾಗ ನೆಟ್ಟಗೆ ಸಾರ್ ಅವಳನ್ನು ಕಚೇರಿಗೆ ಕರೆಸಿದ.

"ಏನಮ್ಮಾ, ಸ್ಟೂಲಜ್ಜಿ ನಿಮ್ಮಜ್ಜಿಯಂತೆ? ಹೇಳಲೇ ಇಲ್ಲ."

"ಯಾರೂ ಕೇಳ್ಲಿಲ್ಲ ಸಾರ್."

"ಸಮಾರಂಭಕ್ಕೆ ಕರ್ಕೊಂಡ್ ಬಾ. ಸನ್ಮಾನ ಮಾಡ್ತೀವಿ, ನಾಲ್ಕು ಒಳ್ಳೆ ಮಾತಾಡ್ಲಿ. ನಿನ್ನ ಖಾಯಂ ಆದೇಶ ಸಹಿಯಾಗಿ ನನ್ನ ಜೇಬಲ್ಲಿದೆ. ಕಾರ್ಯಕ್ರಮ ಸುಸೂತ್ರ ಮುಗೀತು ಅಂದ್ರೆ ಅಲ್ಲೇ ಕೊಡ್ತೀನಿ." ಬಳಿಕ ದನಿ ತಗ್ಗಿಸಿದ. "ಒಂದು ವಿಷಯ. ಅಜ್ಜಿ ಕೌಂಟರ್ ಹಿಂದೆ ಹೋಗೋದು ಬೇಡ. ವಯಸ್ಸಾದವರು, ನೆಲ ಜಾರತ್ತೆ."

ನೆಲ ಜಾರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಖಾಯಂ ಆದರೆ ಹೊಲಿಗೆಯಂತ್ರದ ಮುಂದೆ ಕಣ್ಣು ಕಳೆದುಕೊಳ್ಳುತ್ತಿರುವ ಅಮ್ಮನಿಗೆ ರಾತ್ರಿ ಕೆಲಸ ತಪ್ಪುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. "ಆಗಲಿ ಸಾರ್" ಎಂದಳು.

ಸುದ್ದಿ ಕೇಳಿ ಅಜ್ಜಿ ಪೆಟ್ಟಿಗೆ ತೆರೆದು ಬಟ್ಟೆ ಆರಿಸಲು ಕುಳಿತಳು. ಮಂಡಿನೋವಿನಿಂದ ಅವಳು ಆ ಬೀದಿಗೆ ಹೋಗಿ ವರ್ಷಗಳೇ ಆಗಿದ್ದವು.

"ಈಗ ನಮ್ಮ ಕೌಂಟರ್ ಹಿಂದೆ ಎಷ್ಟು ಸ್ಟೂಲಿದೆಯೇ?"

"ಜನ ಎಷ್ಟೋ ಅಷ್ಟು ಅಜ್ಜಿ."

"ಒಬ್ಬೊಬ್ಬರಿಗೆ ಒಂದೊಂದು!" ಅಜ್ಜಿ ಕಣ್ಣು ಮುಚ್ಚಿದಳು. "ಹಾಗಾದ್ರೆ ಕರೆಯೋದೇ ಇಲ್ಲ ಅನ್ನು, ಬಿಸಿ ಇದೆ ಬಾ ಅಂತ."

"ಇಲ್ಲ."

"ಅದೊಂದು ಕಳಕೊಂಡ್ರಿ ನೋಡು," ಎಂದು ಅಜ್ಜಿ, ಸಮೃದ್ಧಿಯಿಂದಲೂ ಕೆಲವು ನಷ್ಟಗಳುಂಟು ಎಂಬ ಗಾಂಭೀರ್ಯದಲ್ಲಿ, ಮರುಗಿದಳು. ಹೊಲಿಗೆಯಂತ್ರ ಒಂದು ಕ್ಷಣ ನಿಂತು ಮತ್ತೆ ಓಡತೊಡಗಿತು.

ಸಮಾರಂಭದ ಬೆಳಿಗ್ಗೆ ಅಂಗಡಿಯೊಳಗೆ ವೇದಿಕೆ ಹಾಕಿದ್ದರು. ಅತಿಥಿಗಳಿಗೆ ಮೆತ್ತೆಯ ಕುರ್ಚಿಗಳು. ಮಾರಾಟದ ಹೆಂಗಸರು ಗೋಡೆಯುದ್ದಕ್ಕೂ, ಸಮವಸ್ತ್ರದಲ್ಲಿ, ನೆಟ್ಟಗೆ. ಅಜ್ಜಿ ಬಾಗಿಲಲ್ಲಿ ಕಾರಿನಿಂದ ಇಳಿದಾಗ ಚಿಕ್ಕ ಯಜಮಾನನೇ ಬಂದು ಕೈಹಿಡಿದ. ಗಾಜಿನ ಪೆಟ್ಟಿಗೆ ತೋರಿಸಿದ. ಅಜ್ಜಿ ಫಲಕವನ್ನು ಓದಿ, "ಮುಟ್ಟಬಾರದಾ?" ಎಂದಳು.

"ಸಾರ್ವಜನಿಕರಿಗೆ ಅಜ್ಜೀ, ನಿಮಗಲ್ಲ."

"ನಾನೂ ಸಾರ್ವಜನಿಕಳೇ ಅಲ್ವೇನಪ್ಪಾ," ಎಂದು ಅವಳು ಮುಂದೆ ನಡೆದಳು.

ಅವಳ ದಾರಿಯನ್ನು ನೆಟ್ಟಗೆ ಸಾರ್ ಬಹಳ ಯೋಚಿಸಿ ಗೊತ್ತುಮಾಡಿದ್ದ: ಬಾಗಿಲಿನಿಂದ ಪೆಟ್ಟಿಗೆ, ಪೆಟ್ಟಿಗೆಯಿಂದ ವೇದಿಕೆ, ವೇದಿಕೆಯಿಂದ ಕಾರು. ನೆಲಹಾಸೂ ಅದೇ ಪ್ರಕಾರ ಹಾಸಿತ್ತು. ಆದರೆ ಯೌವನವನ್ನೆಲ್ಲ ಅಲ್ಲಿಯೇ ಸವೆಸಿದ ಪಾದಗಳು ನೆಲಹಾಸಿನ ಮಾತು ಕೇಳಲಿಲ್ಲ. ಪೆಟ್ಟಿಗೆ ದಾಟಿದ್ದೇ ಅವು ಎಡಕ್ಕೆ ಹೊರಳಿ, ಮರದ ಕೌಂಟರಿನ ಸಂದಿಯೊಳಗೆ ನುಸುಳಿ, ಹಳೆಯ ಜಾಗದಲ್ಲಿ ನಿಂತವು. ಅಜ್ಜಿಯ ಕೈ ತಾನಾಗಿ ಹಿಂದಕ್ಕೆ ಚಾಚಿತು, ಕೂರಲು ಹೊರಟವರ ಕೈ ಚಾಚುವ ಹಾಗೆ. ಅದಕ್ಕೆ ಗಾಳಿ ಸಿಕ್ಕಿತು. ಇನ್ನಷ್ಟು ಬಾಗಿ ತಡವಿದಳು. ಅಲ್ಲಿಯೂ ಗಾಳಿಯೇ.

ಮೊಮ್ಮಗಳು ಹಿಂದೆಯೇ ಬಂದು ಪಕ್ಕದಲ್ಲಿ ನಿಂತಿದ್ದಳು. ಅಜ್ಜಿ ಅವಳನ್ನು ನೋಡಿದಳು. ಅವಳು ಪರದೆ ಬಟ್ಟೆಯನ್ನು ನೋಡಿದಳು.

"ಎಲ್ಲೇ ಸ್ಟೂಲು?"

"ಸಮಾರಂಭ ಅಂತ ಒಳಗೆ ಇಟ್ಟಿದಾರೆ ಅಜ್ಜಿ."

ಅಜ್ಜಿ ನೆಲ ನೋಡಿದಳು. ಸ್ಟೂಲಿನ ಕಾಲು ಉಜ್ಜಿದ ಒಂದು ಗೀರೂ ಅಲ್ಲಿರಲಿಲ್ಲ. ಗೋಡೆಯುದ್ದಕ್ಕೂ ನಿಂತಿದ್ದ ಹೆಂಗಸರ ಕಣಕಾಲುಗಳನ್ನು ನೋಡಿದಳು. ಆ ಊತ ಅವಳಿಗೆ ಹಳೆಯ ಪರಿಚಯ.

"ನನ್ನ ಮುಖ ನೋಡಿ ಹೇಳು."

"ಇಲ್ಲ ಅಜ್ಜಿ. ಸ್ಟೂಲಿಲ್ಲ."

"ಯಾವತ್ತಿಂದ?"

"ನಾನು ಸೇರಿದಾಗಿಂದ."

"ಮತ್ತೆ ದಿನಾ ಸೊಂಟ ನೋವು ಅಂತಿದ್ದೆ?"

"ಅದು ನಿಜ. ನಿಂತೂ ನಿಂತೂ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಮೊಮ್ಮಗಳಿಗೆ ಹಗುರವಾಗುತ್ತಿತ್ತು. "ಆ ಪರದೆ ಬಟ್ಟೆದೊಂದು ಚೂರು ಕೊಡು," ಎಂದಳಷ್ಟೆ. ಕೊಟ್ಟ ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆಗೆ ನಡೆದಳು. ನೆಟ್ಟಗೆ ಸಾರ್ ಜೇಬು ಮುಟ್ಟಿ ನೋಡಿಕೊಂಡ.

ಚಿಕ್ಕ ಯಜಮಾನ ಮಾತನಾಡಿದ. ಹೆಣ್ಣುಮಕ್ಕಳಿಗೆ ಆಸನ ಕೊಟ್ಟ ಪ್ರಥಮ ವರ್ತಕ ತನ್ನ ತಾತನೆಂದು ಹೇಳಿದ. ಚಪ್ಪಾಳೆಯಾಯಿತು. ಮುಖ್ಯ ಅತಿಥಿಯಾದ ನಿವೃತ್ತ ನ್ಯಾಯಾಧೀಶರು ಸ್ತ್ರೀಯರ ಸ್ಥಾನಮಾನದ ಬಗ್ಗೆ ದೀರ್ಘವಾಗಿ ಮಾತನಾಡಿದರು. ಗೋಡೆಯುದ್ದಕ್ಕೂ ಸ್ತ್ರೀಯರು ಕಾಲು ಬದಲಿಸುತ್ತ ಕೇಳಿದರು. ಅನಂತರ ಅಜ್ಜಿಯ ಕೈಗೆ ಮೈಕು ಕೊಟ್ಟರು.

"ಮಾತು ಬರಲ್ಲ ನನಗೆ," ಎಂದಳು ಅಜ್ಜಿ. "ಆ ಪೆಟ್ಟಿಗೆ ಸ್ವಲ್ಪ ತೆಗೀರಪ್ಪಾ. ಒಂದು ಕಾಲು ಗಿಡ್ಡ ಇರಬೇಕು. ಬೇರೆ ಸ್ಟೂಲು ತಂದಿಟ್ಟಿದೀರೋ ಏನೋ, ನೋಡಬೇಕು."

ಸಭೆ ನಕ್ಕಿತು. ಛಾಯಾಚಿತ್ರಗ್ರಾಹಕ ಓಡಿಬಂದ. ಚಿಕ್ಕ ಯಜಮಾನ ಉತ್ಸಾಹದಿಂದ ಸನ್ನೆ ಮಾಡಿದ. ಬೀಗದ ಕೈಯಿದ್ದ ನೆಟ್ಟಗೆ ಸಾರ್ ಉತ್ಸಾಹವಿಲ್ಲದೆ ತೆರೆದ. ಅಜ್ಜಿ ಸ್ಟೂಲನ್ನು ತಾನೇ ಎಳೆದು ಕೌಂಟರಿನ ಹಿಂದಕ್ಕೆ ಒಯ್ದಳು. ಸೊಂಟದಿಂದ ಬಟ್ಟೆಯ ಚೂರು ತೆಗೆದು ನಾಲ್ಕು ಮಡಿಕೆ ಮಾಡಿ ಮೋಟುಗಾಲಿನ ಕೆಳಗಿಟ್ಟಳು. ಕುಳಿತಳು. ಸಿಂಹಾಸನವನ್ನೇರಿದವರಲ್ಲಿಯೂ ಇಂಥ ನಿರುದ್ವಿಗ್ನತೆ ಅಪರೂಪ. ಅವಳು ಯಾರ ಕಡೆಗೂ ನೋಡದೆ, ಕಾಲು ಸ್ವಲ್ಪ ಚಾಚಿ, ಒಂದು ಆಕಳಿಕೆಯನ್ನೂ ತೆಗೆದಳು. ಕ್ಯಾಮರಾಗಳು ಮಿನುಗಿದವು.

ಆಮೇಲೆ ಎದ್ದಳು. ಹಲಗೆಯನ್ನು ಎರಡು ಸಲ ತಟ್ಟಿ ಮೊಮ್ಮಗಳ ಕಡೆ ತಿರುಗಿದಳು.

"ಬಿಸಿ ಇದೆ, ಬಾ."

ಮೊಮ್ಮಗಳು ನೆಟ್ಟಗೆ ಸಾರ್ ಜೇಬನ್ನು ನೋಡಿದಳು. ಅಲ್ಲಿಂದ ಕಾಗದದ ಒಂದು ತುದಿ ಇಣುಕುತ್ತಿತ್ತು. ಆತ ಬಹಳ ಚಿಕ್ಕದಾಗಿ, ಬೇಡ ಎಂಬಂತೆ, ತಲೆಯಾಡಿಸಿದ. ಅವಳಿಗೆ ಅಮ್ಮನ ಕಣ್ಣು ನೆನಪಾಯಿತು, ಹಲ್ಲಿನ ನಡುವಣ ಗುಂಡುಪಿನ್ನು ನೆನಪಾಯಿತು. ಬಚ್ಚಲಿನ ಬೋರಲು ಬಕೆಟ್ಟೂ ನೆನಪಾಯಿತು. ಅಜ್ಜಿ ಎರಡನೆಯ ಸಲ ಕರೆಯಲಿಲ್ಲ; ಕರೆಯುವುದು ಒಂದೇ ಸಲ ಎಂಬುದು ಅವರ ಕಾಲದ ರೂಢಿ.

ಅವಳು ಹೋಗಿ ಕುಳಿತಳು. ಹಲಗೆ ನಿಜವಾಗಿಯೂ ಬೆಚ್ಚಗಿತ್ತು.

"ಸೊಗಸಾದ ಸಾಂಕೇತಿಕ ಕಾರ್ಯಕ್ರಮ," ಎಂದು ನ್ಯಾಯಾಧೀಶರು ಚಪ್ಪಾಳೆ ತಟ್ಟಿದರು, ಸಭೆಯೂ ತಟ್ಟಿತು. ಮೊಮ್ಮಗಳು ಎದ್ದು, ಹಲಗೆ ತಟ್ಟಿ, ಹಾಸುಬಟ್ಟೆ ವಿಭಾಗದ ಅಕ್ಕನನ್ನು ಕರೆದಳು. ಅಕ್ಕ ಮೂರು ಮಕ್ಕಳ ತಾಯಿ, ಕೆಲಸಕ್ಕೆ ಸೇರಿದ ಮೇಲೆ ಅಂಗಡಿಯೊಳಗೆ ಕುಳಿತವಳೇ ಅಲ್ಲ. ಕುಳಿತು "ಅಮ್ಮಯ್ಯಾ" ಎಂದದ್ದು ಮೈಕಿನವರೆಗೂ ಕೇಳಿಸಿತು. ಅವಳು ಇನ್ನೊಬ್ಬಳನ್ನು ಕರೆದಳು, ಆಕೆ ಮತ್ತೊಬ್ಬಳನ್ನು. ಪ್ರತಿಯೊಬ್ಬಳಿಗೂ ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದುದರಿಂದ ನಡುವೆ ತಡೆಯುವುದು ಹೇಗೆಂದು ಚಿಕ್ಕ ಯಜಮಾನನಿಗೆ ತೋಚಲಿಲ್ಲ. ಆತ ಪ್ರತಿಯೊಬ್ಬಳ ಹಿಂದೆಯೂ ನಿಂತು ನಗುತ್ತ ಛಾಯಾಚಿತ್ರ ತೆಗೆಸಿಕೊಂಡ.

ಅತಿಥಿಗಳ ಕಾರುಗಳು ಹೋದ ಮೇಲೆ ನೆಟ್ಟಗೆ ಸಾರ್ ಬಂದ.

"ನಾಳೆಯಿಂದ ಬರಬೇಡ."

"ಯಾವ ಕಾರಣಕ್ಕೆ ಸಾರ್?"

"ಕೂತಿದ್ದಕ್ಕೆ."

"ಎಲ್ಲರೂ ಕೂತ್ರು."

"ಮೊದಲು ಕೂತವಳು ನೀನು."

ಈ ತೀರ್ಪಿನಲ್ಲಿ ಒಂದು ದೋಷವಿತ್ತು: ಮೊದಲು ಕುಳಿತವಳು ಅಜ್ಜಿ. ಆದರೆ ಅಜ್ಜಿಯನ್ನು ಕೆಲಸದಿಂದ ತೆಗೆಯುವ ಅಧಿಕಾರ ಆತನಿಗಿರಲಿಲ್ಲ.

ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿ, ಹಲ್ಲಿನಿಂದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ನಾನು ಹೇಳಿದ್ದೆ, ಎರಡೂ ಬೇಕು ಅಂತ. ಈಗ ಇದ್ದ ಕೆಲಸಾನೂ ಹೋಯ್ತು," ಎಂದಳು. ಅಜ್ಜಿ ಪೆಟ್ಟಿಗೆಯಿಂದ ಮತ್ತೆ ಬಟ್ಟೆ ಆರಿಸುತ್ತಿದ್ದಳು.

"ಅಯ್ಯೋ, ಮತ್ತೆಲ್ಲಿಗಮ್ಮಾ?"

"ಪರದೆ ಬಟ್ಟೆ ನೋಡಬೇಕು," ಎಂದಳು ಅಜ್ಜಿ. "ಇವಳೂ ಬರಲಿ. ಇವಳೇನೀಗ, ಗಿರಾಕಿ ತಾನೆ."

ಮರುದಿನ ಬಾಗಿಲು ತೆರೆದಾಗ ಅಜ್ಜಿ, ಅವಳ ಕಾಲದ ಇನ್ನಿಬ್ಬರು ಮುದುಕಿಯರು, ಮೊಮ್ಮಗಳು, ಇವರೆಲ್ಲರ ಹಿಂದೆ ಯಂತ್ರಕ್ಕೆ ಮುಸುಕು ಹಾಕಿ ಬಂದ ಅಮ್ಮ, ಮೆತ್ತೆಯ ಕುರ್ಚಿಗಳಲ್ಲಿ ಸಾಲಾಗಿ ಕುಳಿತರು. ಆ ಅಂಗಡಿಯ ಕುರ್ಚಿಯಲ್ಲಿ ಮೊಮ್ಮಗಳು ಕುಳಿತದ್ದು ಅದೇ ಮೊದಲು. ಮೆತ್ತೆ ಇಷ್ಟು ಮೆತ್ತಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಕೌಂಟರಿನ ಹಿಂದೆ ಹಾಸುಬಟ್ಟೆ ಅಕ್ಕ ಮುಖ ಬಿಗಿಹಿಡಿದು ನಿಂತಿದ್ದಳು.

"ಏನು ತೋರಿಸ್ಲಿ ಅಮ್ಮಾ?"

"ಆ ಹಸಿರು ತೋರಿಸಿ," ಎಂದಳು ಮೊಮ್ಮಗಳು. "ಅದಲ್ಲ. ಅದರ ಕೆಳಗಿಂದು."

"ಬಣ್ಣ ಬಿಡತ್ತೆ ಅಮ್ಮಾ."

"ಗೊತ್ತು. ಆದರೂ ತೋರಿಸಿ."

ನೆಟ್ಟಗೆ ಸಾರ್ ಬಂದು ನಿಂತ. ಕೆಲಸದವರನ್ನು ಎಬ್ಬಿಸುವ ನಿಯಮ ಅವನಿಗೆ ಬಾಯಿಪಾಠವಾಗಿತ್ತು. ಗಿರಾಕಿಯನ್ನು ಎಬ್ಬಿಸುವ ನಿಯಮ ಅಂಗಡಿಯಲ್ಲಿರಲಿಲ್ಲ. "ಇಷ್ಟವಾದ್ದು ನೋಡಿ ಅಮ್ಮಾ," ಎಂದು, ಅಭ್ಯಾಸಬಲದಿಂದ, ಅವನ ಬಾಯಿಂದಲೇ ಹೊರಟಿತು.

ಅಂದು ಐವರು. ಮಾರನೆಯ ದಿನ ಅಮ್ಮನ ಹತ್ತಿರ ಹೊಲಿಸುವವರು ಬಂದರು. ಅನಂತರ ಹಾಸುಬಟ್ಟೆ ಅಕ್ಕನ ಅತ್ತೆ ಬಂದಳು. ಸೊಸೆಯ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ, ಆದರೆ ಬಿಟ್ಟಿ ಕೂರುವ ಅವಕಾಶವನ್ನು ಅವಳು ಬಿಡುವವಳಲ್ಲ. ಚಪ್ಪಲಿ ಅಂಗಡಿಯ ಹುಡುಗಿಯರು ತಮ್ಮ ರಜೆಯ ದಿನ ಬಂದರು, ಔಷಧದಂಗಡಿಯವರು ಊಟದ ಹೊತ್ತಿನಲ್ಲಿ ಬಂದರು. ಎಲ್ಲರೂ ವಿನಯದಿಂದಿದ್ದರು. ಎಲ್ಲರೂ ಅದರ ಕೆಳಗಿನದನ್ನೇ ಕೇಳಿದರು. ಕೊಳ್ಳುವವರು ನಿಂತರು, ನಿಂತವರ ಕಾಲು ನೊಂದವು, ಎದುರಂಗಡಿಯ ವ್ಯಾಪಾರ ಚೇತರಿಸಿಕೊಂಡಿತು. ಇದೇ ಹೊತ್ತಿಗೆ ಸಮಾರಂಭದ ಛಾಯಾಚಿತ್ರ ಪತ್ರಿಕೆಯಲ್ಲಿ ಬಂದಿತು: ಸ್ಟೂಲಿನ ಮೇಲೆ ಮೊಮ್ಮಗಳು, ಹಿಂದೆ ನಗುತ್ತಿರುವ ಚಿಕ್ಕ ಯಜಮಾನ, "ತಾತನ ಹಾದಿಯಲ್ಲಿ ಮೊಮ್ಮಗ" ಎಂದು ಮೇಲೆ ದಪ್ಪಕ್ಷರ. ನ್ಯಾಯಾಧೀಶರು ಫೋನು ಮಾಡಿ ಅಭಿನಂದಿಸಿ, ಆ ಹುಡುಗಿ ಚೆನ್ನಾಗಿದ್ದಾಳೆಯೇ ಎಂದು ವಿಚಾರಿಸಿದರು.

ಚಿಕ್ಕ ಯಜಮಾನ ಮಹಡಿಯಿಂದ ಇಳಿದು ಬಂದು ಅಜ್ಜಿಯ ಎದುರು ನಿಂತ. ನಿಲ್ಲದೆ ಉಪಾಯವಿರಲಿಲ್ಲ, ಕುರ್ಚಿ ಖಾಲಿಯಿರಲಿಲ್ಲ.

"ನಿಮಗೆ ಏನು ಬೇಕು ಅಜ್ಜೀ?"

"ಪರದೆ ಬಟ್ಟೆ ನೋಡ್ತಿದೀನಪ್ಪಾ."

"ನಿಜ ಹೇಳಿ."

"ನಿಮ್ಮ ತಾತನೂ ಹೀಗೇ ಬಂದು ನಿಂತ್ಕೊಂಡು ಕೇಳಿದ್ರು. ಆಗ ದಡ್ಡತನ ಮಾಡಿದ್ವಿ, ಒಂದು ಅಂದ್ವಿ," ಎಂದಳು ಅಜ್ಜಿ. "ಈ ಸಲ ಒಬ್ಬೊಬ್ಬರಿಗೆ ಒಂದೊಂದು. ನಮ್ಮ ಹುಡುಗಿ ಕೆಲಸ ಅವಳಿಗೆ. ಮತ್ತೆ ನಿಮ್ಮ ಮೇಲ್ವಿಚಾರಕರ ಜೇಬಲ್ಲೊಂದು ಕಾಗದ ಇದೆಯಂತೆ, ಬೆವರಿಗೆ ಒದ್ದೆಯಾಗೋದರೊಳಗೆ ಕೊಡಿಸಿಬಿಡು."

ಆತ ಅರ್ಧಕ್ಕೆ ಒಪ್ಪಿದ. ಕೆಲಸ ಮರಳಿ ಸಿಕ್ಕಿತು. ಪ್ರತಿ ಕೌಂಟರಿಗೆ ಒಂದು ಸ್ಟೂಲು ಮಂಜೂರಾಯಿತು, ಪ್ರತಿಯೊಬ್ಬರಿಗೆ ಆಗಲಿಲ್ಲ. ಖಾಯಂ ಆದೇಶ ಪರಿಶೀಲನೆಯಲ್ಲಿದೆ ಎಂದರು. ಅದು ಇನ್ನೂ ನೆಟ್ಟಗೆ ಸಾರ್ ಜೇಬಿನಲ್ಲೇ ಪರಿಶೀಲನೆಗೊಳ್ಳುತ್ತಿದೆ. ಅಮ್ಮನ ಯಂತ್ರ ರಾತ್ರಿ ಮೊದಲಿನಂತೆಯೇ ಓಡುತ್ತದೆ. ಹಳೆಯ ಸ್ಟೂಲು ಕೌಂಟರಿನ ಹಿಂದೆಯೇ ಉಳಿಯಿತು. ಖಾಲಿ ಗಾಜಿನ ಪೆಟ್ಟಿಗೆ ದೀಪ ಉರಿಸಿಕೊಂಡು ಹಾಗೆಯೇ ಇದೆ. ಬಂದವರು ಫಲಕ ಓದಿ, ಒಳಗೆ ಇಣುಕಿ, ಅರ್ಥವಾದವರಂತೆ ತಲೆದೂಗಿ ಹೋಗುತ್ತಾರೆ.

ಹೊಸ ಸ್ಟೂಲುಗಳನ್ನು ಮಾಡಲು ಬಡಗಿಯನ್ನು ಕರೆಸಿದರು. ಮಾದರಿ ಹೇಗಿರಬೇಕೆಂದು ಆತ ಕೇಳಿದಾಗ ಹೆಂಗಸರೆಲ್ಲ ಒಕ್ಕೊರಲಿನಿಂದ ಹಳೆಯದನ್ನು ತೋರಿಸಿ, "ಥೇಟ್ ಇದೇ ಥರ" ಎಂದರು. ಬಡಗಿ ಪ್ರಾಮಾಣಿಕ. ಅಳತೆಪಟ್ಟಿ ಹಿಡಿದು ನಾಲ್ಕು ಕಾಲನ್ನೂ ಬೇರೆಬೇರೆಯಾಗಿ ಅಳೆದುಕೊಂಡು ಹೋದ. ತಂದ ಸ್ಟೂಲುಗಳಲ್ಲಿ ಒಂದೊಂದಕ್ಕೂ ಒಂದೊಂದು ಕಾಲು ಗಿಡ್ಡ. ವಾಪಸು ಕಳಿಸೋಣವೆಂದು ಮೊಮ್ಮಗಳು ಹೇಳುವಷ್ಟರಲ್ಲಿ ಹಾಸುಬಟ್ಟೆ ಅಕ್ಕ ಬಟ್ಟೆಯ ಚೂರುಗಳನ್ನು ಮಡಿಚುತ್ತ ಕುಳಿತಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಚಪ್ಪಲಿ ಅಂಗಡಿಯವರೂ ಔಷಧದಂಗಡಿಯವರೂ ತಮ್ಮ ಯಜಮಾನರಿಂದ ಸ್ಟೂಲು ಪಡೆದು ಅದೇ ಬಡಗಿಗೆ ಹೇಳಿದರು. ಈಗ ಆ ಬೀದಿಯಲ್ಲಿ ನೆಟ್ಟಗಿರುವ ಸ್ಟೂಲು ಒಂದೂ ಇಲ್ಲ. ಹಕ್ಕಿನ ಸ್ಟೂಲು ಎಂದರೆ ಒಂದು ಕಾಲು ಗಿಡ್ಡವಿರಬೇಕೆಂಬುದು ಅಲ್ಲಿಯ ಹೆಂಗಸರ ದೃಢವಾದ ತಿಳಿವಳಿಕೆ.

ಮೊನ್ನೆ ಸಂಜೆಯೂ ಮೊಮ್ಮಗಳು ಚಪ್ಪಲಿ ಕಳಚುವ ಮೊದಲೇ ಅಜ್ಜಿ ಕೇಳಿದಳು.

"ಇವತ್ತು ಎಷ್ಟು ಹೊತ್ತು ಕೂತೆ?"

ಮೊಮ್ಮಗಳು ಒಂದು ಗಳಿಗೆ ಯೋಚಿಸಿದಳು. ನಿಜ ಹೇಳುವುದು ಹೊಸ ಅಭ್ಯಾಸವಾದ್ದರಿಂದ ಲೆಕ್ಕಹಾಕಲು ಹೊತ್ತು ಹಿಡಿಯುತ್ತಿತ್ತು.

"ನನ್ನ ಸರದಿ ಎರಡು ಸಲ ಬಂತು. ಎರಡು ಸಲಾನೂ ಕೂತೆ."

"ಸಾಲದು," ಎಂದಳು ಅಜ್ಜಿ.